ಗಿಲ್ಬರ್ಟ್ ಪ್ರೀಸ್ ತನಗೊಂದು ನಾಯಿ ಆರಿಸಿಕೊಂಡದ್ದು

ಬ್ರಾಕ್‌ಹೋಪ್‌ನಲ್ಲಿ ಯಾರಿಗಾದರೂ ಬೇಟೆನಾಯಿ ಬೇಕಾದರೆ ಅವರು ಮೊದಲು ನಾಯಿ ಸಾಕುವವರ ಮನೆ ಬಾಗಿಲು ತಟ್ಟುತ್ತಿರಲಿಲ್ಲ. ಪಬ್ಬಿಗೆ ಹೋಗಿ ಗಿಲ್ಬರ್ಟ್ ಪ್ರೀಸ್‌ಗೆ ಒಂದು ದೊಡ್ಡ ಲೋಟ ಬಿಯರ್ ಕೊಡಿಸುತ್ತಿದ್ದರು. ಗಿಲ್ಬರ್ಟ್‌ನ ಕಸುಬು ಬೇಲಿ ಹೆಣೆಯುವುದು. ಚಳಿಗಾಲದಲ್ಲಿ ಹೊಲದಂಚಿನ ಮುಳ್ಳುಗಿಡಗಳ ಬುಡವನ್ನು ಅರ್ಧ ಕಡಿದು, ಓರೆಯಾಗಿ ಬಗ್ಗಿಸಿ, ಗೂಟಗಳ ನಡುವೆ ನೇಯ್ದನೆಂದರೆ ಕುರಿಯಿರಲಿ, ಕುರಿಯ ಬಾಲವೂ ಆಚೆ ನುಸುಳದು. ಆದರೆ ಅವನ ಹೊಟ್ಟೆಗೆ ಹಿಟ್ಟು ಮಾತ್ರ ಬೇಲಿಯಿಂದ. ಜುಟ್ಟಿಗೆ ಮಲ್ಲಿಗೆ ನಾಯಿಯಿಂದ. ಯಾವ ಬೇಟೆಗಾರನಿಗೆ ಯಾವ ಜಾತಿಯ ನಾಯಿ ಹೊಂದುತ್ತದೆ ಎಂದು ಹೇಳುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಕಣಿವೆಯಲ್ಲಿ ಹುಟ್ಟಿರಲಿಲ್ಲ, ಹಾಗಂತ ಅವನೇ ಹೇಳುತ್ತಿದ್ದ.

"ಹೇಗೆ ಬೇಟೆ ಆಡ್ತೀಯಪ್ಪ ನೀನು?" ಎಂದು ಕೇಳುತ್ತಿದ್ದ. ಉತ್ತರವನ್ನು ಮಾತ್ರ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ನಾಯಿಯ ವಿಷಯದಲ್ಲಿ ಆ ಸಾವಿರವನ್ನೂ ವರನೇ ಹೇಳುತ್ತಾನೆ ಎಂಬುದು ಅವನ ಸಿದ್ಧಾಂತ. ಬೆಳಗಿನಿಂದ ಸಂಜೆಯವರೆಗೆ ಗುಡ್ಡ ಸುತ್ತುತ್ತೇನೆ ಅನ್ನುವವನ ಬೂಟಿನ ಹಿಮ್ಮಡಿ ನೋಡುತ್ತಿದ್ದ, ಹೊಟ್ಟೆ ನೋಡುತ್ತಿದ್ದ, ಬಿಯರ್ ತಡವಾದರೆ ಎಷ್ಟು ಸಲ ಗೊಣಗುತ್ತಾನೆಂದು ನೋಡುತ್ತಿದ್ದ. ಆಮೇಲೆ ತೀರ್ಪು ಕೊಡುತ್ತಿದ್ದ.

ಒಮ್ಮೆ ಪಾದ್ರಿಗಳು ಕೆಂಪು ಕೂದಲಿನ ಚೆಂದದ ಸೆಟರ್ ನಾಯಿ ಬೇಕೆಂದು ಬಂದರು. ಗಿಲ್ಬರ್ಟ್ ಲೋಟ ಕೆಳಗಿಟ್ಟ.

"ಸ್ವಾಮಿ, ನೀವು ಹೋಗೋದು ಕೆರೆದಂಡೆಗೆ. ಕೂತು ಬಾತುಕೋಳಿಗೆ ಕಾಯ್ತೀರ. ಸೆಟರ್‌ಗೆ ಓಡೋಕೆ ಒಂದು ಗುಡ್ಡ ಬೇಕು, ಅದರ ಹಿಂದೆ ಏದುಸಿರು ಬಿಡ್ಕೊಂಡು ಹೋಗೋಕೆ ಒಬ್ಬ ಬೇಕು. ನಿಮಗೆ ಲ್ಯಾಬ್ರಡಾರ್ ಸರಿ. ಮಳೇಲಿ ಕಾಲ ಹತ್ರ ಸುಮ್ನೆ ಕೂತಿರತ್ತೆ, ಹೊಡೆದಿದ್ದು ನೀರಿಗೆ ಬಿದ್ರೆ ಈಜಿ ತಂದ್ಕೊಡತ್ತೆ. ಭಾನುವಾರ ನಿಮ್ಮ ಉಪದೇಶಾನೂ ನಿದ್ದೆ ಮಾಡ್ದೆ ಕೇಳತ್ತೆ. ನಮ್ಮೂರಲ್ಲಿ ಅಂಥದ್ದು ಒಂದಾದ್ರೂ ಇರಲಿ ಬಿಡಿ."

ಪಾದ್ರಿಗಳು ಲ್ಯಾಬ್ರಡಾರ್ ತಂದರು, ಸುಖವಾಗಿದ್ದರು. ಹೀಗೆ ಗಿಲ್ಬರ್ಟ್ ಕೂಡಿಸಿದ ಜೋಡಿಗಳಲ್ಲಿ ಮುರಿದದ್ದು ಕಡಿಮೆ. ಆದರೆ ಅವನಿಗೆ ಅವನದೇ ಜೋಡಿ ನೋಡುವ ಕಾಲ ಬಂತು ನೋಡಿ, ಅಲ್ಲಿ ಶುರುವಾಯಿತು ಫಜೀತಿ.

ನಮ್ಮ ಬೇಟೆಕೂಟದ ಪದ್ಧತಿ ಮೊದಲು ಹೇಳಬೇಕು. ದೊಡ್ಡ ಎಸ್ಟೇಟುಗಳಲ್ಲಿ ಸಾಹೇಬರುಗಳು ಕಾಡಿನ ಅಂಚಿನಲ್ಲಿ ಬಿಲ್ಲಿಗೆ ನಿಲ್ಲುತ್ತಾರೆ, ಅಂದರೆ ಕೋವಿ ಹಿಡಿದು ನಿಂತಲ್ಲೇ ಕಾಯುತ್ತಾರೆ. ಕೂಲಿಯಾಳುಗಳು ಹಳುವಿನ ಪೊದೆ ನುಗ್ಗಿ, ಕೋಲು ಬಡಿದು ಸೋವು ಮಾಡಿ ಫೆಸೆಂಟ್ ಹಕ್ಕಿಗಳನ್ನು ಅವರ ಕಡೆಗೆ ಎಬ್ಬಿಸುತ್ತಾರೆ. ನಮ್ಮದು ರೈತರ ಕೂಟ, ಕೂಲಿಯಾಳುಗಳೂ ನಾವೇ. ಆದ್ದರಿಂದ ಒಂದು ಸಲ ನಡೆ, ಒಂದು ಸಲ ನಿಲ್ಲು ಎಂಬ ಕಟ್ಟಳೆ. ಅರ್ಧ ಕೋವಿಗಳು ಸೋವಿನ ಜೊತೆ ಮುಳ್ಳಿನಲ್ಲಿ ನಡೆಯಬೇಕು, ಅರ್ಧ ಬಿಲ್ಲಿಗೆ ನಿಲ್ಲಬೇಕು, ಮುಂದಿನ ಸೋವಿಗೆ ಅದಲು ಬದಲು. ತನ್ನ ಪಾಳಿ ನಡೆಯಲಾಗದವನು ಜಾಗ ಬಿಟ್ಟುಕೊಡಬೇಕು. ಇದು ಕಟುವಾಯಿತು ಅನ್ನಿಸಬಹುದು. ಆದರೆ ಇದೊಂದನ್ನು ಸಡಿಲ ಬಿಟ್ಟರೆ ಬೆಳಗಾಗುವುದರೊಳಗೆ ಊರಿಗೂರೇ ಮಂಡಿನೋವೆಂದು ಬಿಲ್ಲಿಗೆ ನಿಂತು, ಸೋವಿಗೆ ನಾಯಿಗಳಷ್ಟೇ ಉಳಿಯುತ್ತಿದ್ದವು. ಜಾಗಕ್ಕೆ ಕಾಯುವವರಿಗೇನು ಕೊರತೆ, ಪಕ್ಕದ ಊರಿನವರೆಗೂ ಸಾಲು ಇತ್ತು.

ಗಿಲ್ಬರ್ಟ್ ಮದುವೆಗೂ ಮುಂಚಿನಿಂದ ಆ ಕೂಟದಲ್ಲಿದ್ದ. ಶನಿವಾರದ ಬೇಟೆಯೇ ಅವನ ಹಬ್ಬ, ಅವನ ನೆಂಟಸ್ತನ, ಅವನ ಇಗರ್ಜಿ. ಅಂಥವನ ಎಡ ಸೊಂಟದ ಕೀಲು ಸವೆಯಿತು. ಬೇಲಿ ಕೆಲಸವನ್ನೇನೋ ನಿಂತಲ್ಲೇ ನಿಂತು ತಳ್ಳಬಹುದು. ಉತ್ತ ಹೊಲ, ಹಳ್ಳ, ಹತ್ತಿ ದಾಟುವ ಅಡ್ಡಮರ ಇವು ಬಂದರೆ ಜೀವ ಬಾಯಿಗೆ ಬರುತ್ತಿತ್ತು. ಈ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ, ಹೆಂಡತಿ ಒಲ್ವೆನ್‌ಗೂ ಕೂಡ, ಎಂದು ಅವನು ತಿಳಿದಿದ್ದ.

ಗುಟ್ಟು ಉಳಿಸಿದ್ದು ನೆಲ್. ಅದು ಅವನ ಸ್ಪ್ರಿಂಗರ್ ಸ್ಪ್ಯಾನಿಯಲ್, ಮುಳ್ಳುಪೊದೆಗೆ ತಲೆಕೊಟ್ಟು ನುಗ್ಗುವ ಜಾತಿ. ಆದರೆ ಅದಕ್ಕೂ ಮುಪ್ಪು ಬಂದು ಕಣ್ಣು ಮಂಜಾಗಿತ್ತು. ಸೋವಿನ ಸಾಲಿನಲ್ಲಿ ಗಿಲ್ಬರ್ಟ್ ಹಿಂದೆ ಬಿದ್ದಾಗಲೆಲ್ಲ, "ಏನ್ ಮಾಡ್ಲಿ, ಮುದುಕೀನ ಬಿಟ್ಟು ಓಡೋಕಾಗತ್ತಾ?" ಎಂದು ನಾಯಿಯ ತಲೆ ಸವರುತ್ತಿದ್ದ. ಎಲ್ಲರೂ ಆಹಾ, ಎಂಥಾ ಕರುಳು ಎಂದು ತಲೆದೂಗುತ್ತಿದ್ದರು. ನೆಲ್ ಮಾತ್ರ ಎರಡು ಹೆಜ್ಜೆ ಮುಂದೆ ನಿಂತು, ಇವನು ಬರಲಿ ಎಂದು ಕಾಯುತ್ತಿತ್ತು. ಅದಕ್ಕೆ ಮಾತು ಬರುತ್ತಿದ್ದರೆ ಮಾನ ಹೋಗುತ್ತಿತ್ತು.

ವಸಂತ ಬಂತು, ನೆಲ್ ಹೋಯಿತು. ಸೇಬಿನ ಮರದ ಬುಡದಲ್ಲಿ ಗುಂಡಿ ತೋಡಿ ಹೂಳುವಾಗ ಗಿಲ್ಬರ್ಟ್ ಗೊಳೋ ಎಂದು ಅತ್ತ. ಅರ್ಧ ನಾಯಿಗಾಗಿ, ಅರ್ಧ ತನಗಾಗಿ. ಇನ್ನು ನಿಧಾನಕ್ಕೆ ನೆಪವೇ ಇರಲಿಲ್ಲ.

ಒಲ್ವೆನ್ ಗಡಿಯಾಚೆಯ ವೇಲ್ಸ್ ಕಡೆಯ ಹೆಣ್ಣು. ನೋಡಲು ಗುಬ್ಬಚ್ಚಿ, ಮಾತು ಮಾತ್ರ ಮೆಣಸಿನಕಾಯಿ. ಕೋಲು ಹಿಡಿದು ಸೋವಿನಲ್ಲಿ ನಡೆದು ನಡೆದು ನಮ್ಮ ಕಾಡಿನ ಪೊದೆ ಪೊದೆಯೂ ಅವಳಿಗೆ ಗೊತ್ತಿತ್ತು. ಹಿತ್ತಲಿನ ಬಟಾಣಿಗೆ ಎರಗುವ ಪಾರಿವಾಳಗಳನ್ನು ಅವಳೇ ಕೋವಿಯಿಂದ ಇಳಿಸುತ್ತಿದ್ದಳು, ಅದಕ್ಕೆ ಲೈಸೆನ್ಸೂ ಇತ್ತು. ಆದರೆ ಕೂಟದಲ್ಲಿ ಮನೆಗೊಂದೇ ಜಾಗ, ಆ ಜಾಗ ಗಿಲ್ಬರ್ಟ್‌ನದು.

"ಈ ಸಲ ಲ್ಯಾಬ್ರಡಾರ್ ತಗೊಳ್ಳೋಣ ಗಿಲ್," ಎಂದಳು ಚಹಾ ಬಗ್ಗಿಸುತ್ತಾ. "ಮಿಸೆಸ್ ಗಿಟ್ಟಿನ್ಸ್ ಹತ್ರ ಕಪ್ಪು ಹೆಣ್ಣೊಂದಿದೆಯಂತೆ. ಸಮಾಧಾನದ್ದು."

"ಲ್ಯಾಬ್ರಡಾರಾ? ನನಗಾ?" ಗಿಲ್ಬರ್ಟ್‌ಗೆ ಬಿಸ್ಕತ್ತು ನೆತ್ತಿಗೆ ಹತ್ತಿತು. "ನಿಂತ್ಕೊಂಡು ಹೊಡೆಯೋರ ನಾಯಿ ಕಣೇ ಅದು! ನಾನು ನಡೆಯೋನು!"

"ಹೌದಾ," ಎಂದಳು ಒಲ್ವೆನ್. ಸಕ್ಕರೆ ಹಾಕಿ ಕದಡಿದಳು. ಅವಳ ಆ 'ಹೌದಾ' ಕೇಳಿ ಗಿಲ್ಬರ್ಟ್‌ಗೆ ಮೈಯುರಿಯಿತು.

ಅವನ ಹೆದರಿಕೆಯಲ್ಲಿ ಅರ್ಥವಿರಲಿಲ್ಲ ಅನ್ನಬೇಡಿ. ಬೇರೆ ಊರಿನಲ್ಲಾದರೆ ನಾಯಿ ಬರೀ ನಾಯಿ. ನಮ್ಮಲ್ಲಿ ಗಿಲ್ಬರ್ಟ್ ಪ್ರೀಸ್ ಲ್ಯಾಬ್ರಡಾರ್ ಹಿಡಿದು ಬೀದಿಯಲ್ಲಿ ಬಂದನೆಂದರೆ, ಅವನ ಸೊಂಟ ಹೋಗಿದೆ ಎಂದು ಡಂಗುರ ಸಾರಿದ ಹಾಗೆಯೇ. ಅವನೇ ಊರಿಗೆಲ್ಲ ಕಲಿಸಿದ ಲೆಕ್ಕ ಅದು, ಈಗ ಅವನ ಕೊರಳಿಗೇ ಬಂದಿತ್ತು.

ಮಿಸೆಸ್ ಗಿಟ್ಟಿನ್ಸ್ ನಾಯಿ ಸಾಕಿ, ಪಳಗಿಸಿ ಮಾರುವ ವಿಧವೆ. ಅವಳ ಅಂಗಳದಲ್ಲಿ ಆ ಕಪ್ಪು ಲ್ಯಾಬ್ರಡಾರ್ ಬಿಸಿಲು ಕಾಯಿಸಿಕೊಳ್ಳುತ್ತಾ ಮಲಗಿತ್ತು. ಪಕ್ಕದ ಬೋನಿನಲ್ಲಿ ಪಿಪ್ ಎಂಬ ಕಂದು-ಬಿಳಿ ಸ್ಪ್ರಿಂಗರ್ ಮರಿ ಒಂದೇ ಸಮನೆ ಗೋಡೆ ಹಾರಿ ಹಾರಿ ಬೀಳುತ್ತಿತ್ತು.

"ಹೇಗೆ ಬೇಟೆ ಆಡ್ತೀರ ಮಿಸ್ಟರ್ ಪ್ರೀಸ್?" ಎಂದಳು ಅವಳು, ನಗು ತಡೆಹಿಡಿದು.

"ನನ್ನನ್ನ ಕೇಳ್ತೀರಾ ನೀವು? ಬೆಳಗಿಂದ ಸಂಜೆವರೆಗೂ ಬೇಲಿ ಬುಡ, ಮುಳ್ಳು, ಹಳ್ಳ. ಕೂತ್ಕೊಂಡ್ರೆ ನನಗೆ ಊಟ ಸೇರಲ್ಲ."

"ಅಂದ್ರೆ ಪಿಪ್ ಬೇಕು ಅನ್ನಿ. ಸಿಡಿಮದ್ದು ಅದು. ದಿನಾ ಮೈ ಮುರಿಯೋ ಹಾಗೆ ಜೊತೇಲಿ ನಡೆಯೋರು ಬೇಕು ಅದಕ್ಕೆ. ಇಲ್ದಿದ್ರೆ ತಾನೇ ಯಜಮಾನ ಅಂದ್ಕೊಳ್ಳತ್ತೆ."

"ನಡೆಯೋರು ಸಿಕ್ಕಿದ್ರು ಅಂದ್ಕೊಳ್ಳಿ," ಎಂದ ಗಿಲ್ಬರ್ಟ್, ಅವಳ ಬೇಲಿಗೆ ಕೈ ಊರಿ ನಿಂತು.

ಮಿಸೆಸ್ ಗಿಟ್ಟಿನ್ಸ್ ಆ ಊರಿದ ಕೈಯನ್ನು ನೋಡಿದಳು, ಏನೂ ಅನ್ನಲಿಲ್ಲ. ವ್ಯಾಪಾರಸ್ಥೆ ಯಾಕೆ ಅಂದಾಳು? ವೈದ್ಯನಿಗೆ ತನ್ನ ರೋಗ ಕಾಣದು ಅಂತಾರೆ; ನಮ್ಮ ವೈದ್ಯನಿಗೆ ಕಂಡಿತ್ತು, ಕಂಡೂ ವಿಷವನ್ನೇ ಬರೆದುಕೊಂಡ.

ಪಿಪ್‌ನ ತರಬೇತಿ ಆರಂಭವಾಯಿತು. ಬೆಳಗ್ಗೆ ತಿಂಡಿಯಾದ ಕೂಡಲೇ ಗಿಲ್ಬರ್ಟ್ ಕೊರಳಿಗೆ ಸೀಟಿ ತೂಗುಹಾಕಿಕೊಂಡು, "ಬರ್ತೀನಿ, ಗುಡ್ಡದ ತನಕ ಹೋಗಿ ಬರ್ತೀನಿ," ಎಂದು ಬಡಾಯಿ ಕೊಚ್ಚಿ ಹೊರಡುತ್ತಿದ್ದ. ಮನೆಯ ಹಿಂದಿನ ಹೊಲದ ಗೇಟು ದಾಟಿದರೆ ಅವನ ಗುಡ್ಡ ಮುಗಿಯಿತು. ಅಲ್ಲೊಂದು ಹಳೆಯ ನೀರಿನ ತೊಟ್ಟಿಯ ಅಂಚಿನ ಮೇಲೆ ಕೂತು ಸೀಟಿ ಊದುತ್ತಿದ್ದ. ಉದ್ದಕ್ಕೆ ಊದಿದರೆ ನಾಯಿ ಕೂರಬೇಕು, ಚುಟುಕಾಗಿ ಊದಿದರೆ ತಿರುಗಬೇಕು. ಪಿಪ್ ಒಂದು ಸುತ್ತು ಹಾಕಿ, ತೊಟ್ಟಿಯ ಮೇಲೆ ಕೂತ ಯಜಮಾನನನ್ನು ಮರುಕದಿಂದ ನೋಡಿ, ಗೋಡೆಯಾಚೆ ಮಾಯವಾಗುತ್ತಿತ್ತು. ಬಹಳ ಹೊತ್ತಿನ ಮೇಲೆ ಮೈಯೆಲ್ಲ ಕೆಸರು, ಬಾಯೆಲ್ಲ ನಗು ಮಾಡಿಕೊಂಡು ಬರುತ್ತಿತ್ತು. ವಿಚಿತ್ರವೆಂದರೆ ವಾರ ವಾರಕ್ಕೆ ಅದು ತಿದ್ದಿಕೊಂಡಿತು. ಕೂರು ಅಂದರೆ ಕೂತಿತು. ತೊಗಲಿನ ಚೆಂಡು ಎಸೆದರೆ ಹಲ್ಲು ಊರದೆ ತಂದುಕೊಟ್ಟಿತು.

"ಕೈಗುಣ ಬೇಕು," ಎಂದು ಗಿಲ್ಬರ್ಟ್ ಪಬ್ಬಿನಲ್ಲಿ ಮೀಸೆ ಒರೆಸಿಕೊಂಡ. "ಕಾಲಲ್ಲಿ ಅಲೆದು ಕಲಿಸೋದು ದಡ್ಡರು. ನಾಯಿ ಮನಸ್ಸು ಓದ್ಬೇಕು."

ನವೆಂಬರ್‌ನ ಮೊದಲ ಶನಿವಾರ ಬಂತು. ಕೂಟದ ಯಜಮಾನ ಎಡ್ಗರ್ ಬೆಡೋಸ್, ಗಿಲ್ಬರ್ಟ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಟೋಪಿಯೊಳಗಿಂದ ಚೀಟಿ ಎತ್ತಿಸಿದ. ಗಿಲ್ಬರ್ಟ್‌ಗೆ ಮೊದಲ ಸೋವಿಗೇ ನಡೆಯುವ ಪಾಳಿ. ಮೇಲಿನ ಕಾಡು, ಅದೂ ಇಳಿಜಾರು.

"ಹೊಸ ನಾಯಿ ಕಣ್ತುಂಬ ನೋಡೋಣ ಗಿಲ್ಬರ್ಟ್," ಎಂದ ಬೆಡೋಸ್.

"ನೋಡು, ನೋಡಿ ಕಲಿ," ಎಂದ ಗಿಲ್ಬರ್ಟ್.

ಸಾಲು ಕಾಡಿಗೆ ನುಗ್ಗಿತು. ಗಿಲ್ಬರ್ಟ್ ಸಮತಟ್ಟಾದ ಬೇಲಿಯ ಅಂಚು ಹಿಡಿದಿದ್ದ, ಒಲ್ವೆನ್ ಕೋಲು ಬಡಿಯುತ್ತಾ ಸಾಲಿನ ಇನ್ನೊಂದು ತುದಿಯಲ್ಲಿದ್ದಳು. ಕೊರಳಪಟ್ಟಿ ಬಿಚ್ಚಿದ್ದೇ ತಡ, ಪಿಪ್ ನೆಟ್ಟಗೆ ಸಾಲಿನ ಉದ್ದಕ್ಕೂ ಓಡಿ ಒಲ್ವೆನ್‌ಳ ಮುಂದಿನ ಮುಳ್ಳಿಗೆ ಬಿತ್ತು. ಗಿಲ್ಬರ್ಟ್ ಸೀಟಿ ಊದಿದ. ಇನ್ನೊಮ್ಮೆ ಊದಿದ. ಕೆನ್ನೆ ಸೇಬಿನ ಹಾಗೆ ಕೆಂಪಾಗುವವರೆಗೆ ಊದಿದ. ಅತ್ತ ಒಲ್ವೆನ್ ತುಟಿಯಲ್ಲಿ ಒಂದು ಸಣ್ಣ ಸಿಳ್ಳು ಹಾಕಿದಳು. ಪಿಪ್ ಎಡಕ್ಕೆ ತಿರುಗಿತು. ಇನ್ನೊಂದು ಸಿಳ್ಳು, ಬಲಕ್ಕೆ ತಿರುಗಿತು. ಕೋವಿಯ ಗುಂಡು ಮುಟ್ಟುವ ದೂರ ಮೀರದೆ, ಒಂದು ಪೊದೆ ಬಿಡದೆ, ಹಕ್ಕಿ ಎದ್ದಾಗ ಪಟ್ಟನೆ ಕೂತು, ಅದು ಮಾಡಿದ ಕೆಲಸವನ್ನು ಜನ ನಡಿಗೆ ನಿಲ್ಲಿಸಿ ನೋಡಿದರು.

ನೋಡುತ್ತಾ ನೋಡುತ್ತಾ ಮುಂದೆ ಹೋದರು. ಗಿಲ್ಬರ್ಟ್ ಮಾತ್ರ ಅಡ್ಡಮರದ ಹತ್ತಿರ ನಿಂತುಬಿಟ್ಟ. ಬಲಗಾಲು ಆಚೆ ಹಾಕಿದ್ದ, ಎಡಗಾಲು ಏಳಲೇ ಇಲ್ಲ. ಕೈಯಲ್ಲಿ ಪ್ಯಾಂಟು ಹಿಡಿದು ಎತ್ತಿದ, ಆಗಲೂ ಏಳಲಿಲ್ಲ. ಅಡ್ಡಮರದ ಮೇಲೆ ಕುದುರೆ ಏರಿದವನ ಹಾಗೆ ಸಿಕ್ಕಿಕೊಂಡಿದ್ದ. ಒಬ್ಬ ಹಿಂದೆ ಬಿದ್ದರೆ ಸಾಲೆಲ್ಲ ನಿಲ್ಲಬೇಕು, ಅದು ಪದ್ಧತಿ. ಸಾಲು ನಿಂತಿತು.

"ಏನಾಯ್ತೋ ಗಿಲ್ಬರ್ಟ್?" ಬೆಡೋಸ್ ಕೂಗಿದ.

"ನಾಯಿಗೆ ಕಾಯ್ತಿದೀನಿ!"

ನಾಯಿ ಸಾಲಿನ ಆ ತುದಿಯಲ್ಲಿ, ಎಲ್ಲರ ಕಣ್ಣೆದುರಿಗೆ, ಒಲ್ವೆನ್‌ಳ ಕಾಲ ಬಳಿ ಕೂತು ಕಿವಿ ಕೆರೆದುಕೊಳ್ಳುತ್ತಿತ್ತು. ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಕಾಡೇ ನಕ್ಕಿತು. ಇಬ್ಬರು ಬಂದು ಗಿಲ್ಬರ್ಟ್‌ನ ಕಂಕುಳಿಗೆ ಕೈಕೊಟ್ಟು ಇಳಿಸಿದಾಗ ಅವನ ಮುಖ ನೋಡಿ ನಗು ನಿಂತಿತು. ನೋವಿನಿಂದ ಅವನ ಕಣ್ಣಲ್ಲಿ ನೀರು ಬಂದಿತ್ತು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಬೆಡೋಸ್‌ನ ಹುಲ್ಲಿನ ಕೊಟ್ಟಿಗೆ ಸೇರಿದರು. ಹಂದಿಮಾಂಸ ತುಂಬಿ ಬೇಯಿಸಿದ ಪೈ ಕತ್ತರಿಸಿ ಹಂಚಿಕೊಂಡರು. ಬೆಡೋಸ್ ಮಾತ್ರ ಪೈ ಕೈಯಲ್ಲೇ ಹಿಡಿದು ಯೋಚನೆಗೆ ಬಿದ್ದ. ಕಟ್ಟಳೆ ಮಾಡಿದ್ದು ಅವನ ಅಪ್ಪ, ಮುರಿದರೆ ಮುಂದಿನ ವಾರ ಯಾರ ಬಾಯಿ ಕಟ್ಟುವುದು? ಹಾಗೆಂದು ಬಾಲ್ಯದ ಗೆಳೆಯನನ್ನು ಎಲ್ಲರೆದುರು ಹೊರಗೆ ಹಾಕುವುದು ಹೇಗೆ? ಕಡೆಗೆ ಒಂದು ದಾರಿ ಹುಡುಕಿದ. ಅವನ ಉದ್ದೇಶ ಒಳ್ಳೆಯದೇ.

"ನಾಯಿ ಕೆಟ್ಟದ್ದು ಅನ್ಸತ್ತೆ ಗಿಲ್ಬರ್ಟ್," ಎಂದ. "ಯಜಮಾನನ ಸೀಟಿ ಕೇಳದ ನಾಯಿ, ಯಾರಿಗಾದ್ರೂ ಕಾಲು ತೊಡರಿಸತ್ತೆ. ವಾಪಸ್ ಕೊಟ್ಬಿಡು. ಬೇರೆ ತಗೊಂಡು ಮುಂದಿನ ಶನಿವಾರ ಬಾ. ಏನಂತೀಯ?"

ಎಲ್ಲರೂ ಹೌದು ಹೌದು, ನಾಯಿಯದೇ ತಪ್ಪು ಎಂದರು. ಬಾಗಿಲು ಹಾರುಹೊಡೆದಿತ್ತು, ಗಿಲ್ಬರ್ಟ್ ಹೂಂ ಎಂದು ನುಸುಳಿದರೆ ಸಾಕಿತ್ತು. ಜಾಗ ಉಳಿಯುತ್ತಿತ್ತು, ಗುಟ್ಟೂ ಹರುಕುಮುರುಕಾಗಿಯಾದರೂ ಉಳಿಯುತ್ತಿತ್ತು. ಪಿಪ್‌ನ ಮೇಲೆ ಮಾತ್ರ ಕೆಟ್ಟ ನಾಯಿ ಎಂಬ ಹೆಸರು ಕೂರುತ್ತಿತ್ತು, ಹೆಸರು ಕೆಟ್ಟ ಬೇಟೆನಾಯಿಗೆ ನಮ್ಮ ಕಡೆ ಯಾರೂ ಅನ್ನ ಹಾಕುವುದಿಲ್ಲ.

ಗಿಲ್ಬರ್ಟ್ ಒಲ್ವೆನ್ ಕಡೆ ನೋಡಿದ. ಅವಳು ಹುಲ್ಲಿನ ಕಂತೆಯ ಮೇಲೆ ಕೂತು ಪಿಪ್‌ನ ಕಿವಿಯ ಮುಳ್ಳು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. ಅವಳ ಬೂಟಿಗೂ ನಾಯಿಯ ಕಾಲಿಗೂ ಅಂಟಿದ್ದ ಒಂದೇ ಕೆಸರನ್ನು ಅವನು ಕಂಡ.

"ನಾಯಿ ಸರಿಯಾಗೇ ಇದೆ," ಎಂದ ಗಿಲ್ಬರ್ಟ್. "ಈ ಕಣಿವೇಲಿ ಅಂಥಾ ನಾಯಿ ಇನ್ನೊಂದಿಲ್ಲ. ಕೆಟ್ಟಿರೋದು ನನ್ನ ಸೊಂಟ. ಎರಡು ಚಳಿಗಾಲದಿಂದ ಕೆಟ್ಟಿದೆ. ಆ ಬಡಪಾಯಿ ನೆಲ್ ಮೇಲೆ ಹಾಕಿ ಹಾಕಿ ತಪ್ಪಿಸ್ಕೊಂಡೆ, ಅದು ಪಾಪ ಸತ್ತೂ ಹೋಯ್ತು. ಇನ್ನು ಇದರ ಮೇಲೂ ಹಾಕಲ್ಲ. ಜಾಗ ಬಿಟ್ಕೊಡ್ತೀನಿ ಎಡ್ಗರ್. ಯಾರಿಗೆ ಬೇಕೋ ಕೊಟ್ಕೋ, ಹೋಗು."

ಕೋವಿಯನ್ನು ಕಂತೆಗೆ ಒರಗಿಸಿ ಗೋಡೆಯ ಕಡೆ ತಿರುಗಿ ನಿಂತ.

"ಒಂದು ಮಾತು ಕೇಳ್ಲಾ ಎಡ್ಗರ್?" ಒಲ್ವೆನ್ ಈಗ ತಲೆ ಎತ್ತಿದಳು. "ಒಂದು ಸಲ ನಡೀಬೇಕು, ಒಂದು ಸಲ ನಿಲ್ಲಬೇಕು. ಅಷ್ಟೇ ತಾನೇ ನಿಮ್ಮಪ್ಪನ ಕಟ್ಟಳೆ?"

"ಅಷ್ಟೇ."

"ಯಾರ ಕಾಲಲ್ಲಿ ಅಂತ ಏನಾದ್ರೂ ಹೇಳಿದ್ರಾ?"

ಬೆಡೋಸ್ ಟೋಪಿ ಸರಿಸಿ ತಲೆ ಕೆರೆದುಕೊಂಡ.

"ಇವನ ಪಾಳಿ ನಡೆಯೋದಾದ್ರೆ ಕೋವಿ ನನ್ನ ಕೈಗೆ, ನಾನು ನಡೀತೀನಿ. ನಿಲ್ಲೋದಾದ್ರೆ ಕೋವಿ ಇವನ ಕೈಗೆ. ಒಂದು ಮನೆ, ಒಂದು ಜಾಗ, ಒಂದೇ ಕೋವಿ. ನಿಮ್ಮಪ್ಪ ಇದ್ದಿದ್ರೂ ಹೂಂ ಅಂತಿದ್ರು. ಅವರಿಗೆ ನನ್ನ ಪಾರಿವಾಳದ ಪೈ ಅಂದ್ರೆ ಪ್ರಾಣ."

"ಅಲ್ಲ, ಈ ನಾಯಿ ನಿನ್ನ ಮಾತು ಹೇಗೆ ಕೇಳ್ತು?" ಎಂದ ಗಿಲ್ಬರ್ಟ್ ಗೋಡೆಗೇ.

"ನೀನು ತೊಟ್ಟಿ ಮೇಲೆ ಕೂತು ಅದರ ಮನಸ್ಸು ಓದ್ತಿದ್ಯಲ್ಲ, ಆಗ ಗೋಡೆ ಹಾರಿ ನನ್ನ ಹತ್ರ ಬರ್ತಿತ್ತು. ಇಬ್ರೂ ಗುಡ್ಡದ ತನಕ ಹೋಗಿ ಬರ್ತಿದ್ವಿ."

ಕೊಟ್ಟಿಗೆಯ ಮಾಡು ಹಾರಿಹೋಗುವ ಹಾಗೆ ನಗು ಎದ್ದಿತು. ಬೆಡೋಸ್ ಪೈ ಹಿಡಿದ ಕೈಯಲ್ಲೇ ಕಣ್ಣು ಒರೆಸಿಕೊಂಡ. "ಕಟ್ಟಳೇಲಿ ಕಾಲಿನ ಹೆಸರಿಲ್ಲ," ಎಂದು ಘೋಷಿಸಿದ. "ಮುಂದಿನ ಸೋವು ಪ್ರೀಸ್ ಮನೆಯವರು ನಿಲ್ಲೋ ಪಾಳಿ. ಏಳ್ರಪ್ಪ, ಹೊತ್ತಾಯ್ತು!"

ಗಿಲ್ಬರ್ಟ್ ಕೆಳಗಿನ ಕಾಡಿನ ಅಂಚಿಗೆ ಬಿಲ್ಲಿಗೆ ಹೋದ. ಜಾಗ ಉಳಿದ ಖುಷಿ ಒಂದು ಕಡೆ, ಇನ್ನು ಜನ್ಮದಲ್ಲಿ ಮುಳ್ಳು ನುಗ್ಗಲಾರೆ ಎಂಬ ದುಃಖ ಒಂದು ಕಡೆ, ಎರಡೂ ಎದೆಯಲ್ಲಿ ಗುದ್ದಾಡುತ್ತಿದ್ದವು. ಇಕ್ಕೆಲದ ಬಿಲ್ಲುಗಳಲ್ಲಿ ಜನ ನೆಟ್ಟಗೆ ನಿಂತಿದ್ದರು. ಅವನೂ ಹಲ್ಲು ಕಚ್ಚಿ ನೆಟ್ಟಗೆ ನಿಂತ. ಸೋವಿಗೆ ಹೋಗಬೇಕಾಗಿದ್ದ ಒಲ್ವೆನ್ ವ್ಯಾನಿನ ಕಡೆಯಿಂದ ಹುಲ್ಲು ತುಳಿದುಕೊಂಡು ಬಂದಳು. ಕೈಯಲ್ಲಿ ಮಡಚುವ ಕ್ಯಾನ್ವಾಸ್ ಸ್ಟೂಲು ಇತ್ತು.

"ಏನಿದು?"

"ಹೋದ ವರ್ಷ ತಂದಿದ್ದು. ವ್ಯಾನಿನ ಸೀಟಿನ ಕೆಳಗೆ ಬಚ್ಚಿಟ್ಟಿದ್ದೆ. ನೀನಾಗಿ ಬಾಯಿಬಿಟ್ಟು ಕೇಳ್ಲಿ ಅಂತ ಕಾದೆ."

"ಎಲ್ರೂ ನೋಡ್ತಿದಾರೆ ಕಣೇ."

"ನೋಡ್ಲಿ ಬಿಡು. ಕೂತ್ಕೋ ಗಿಲ್."

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ನಿಧಾನವಾಗಿ, ಎಲ್ಲರೆದುರಿಗೆ, ಕೂತ. ಎರಡು ವರ್ಷದಿಂದ ಬಿಗಿ ಹಿಡಿದಿದ್ದ ಸೊಂಟ ಸಡಿಲವಾದಾಗ ಅವನ ಬಾಯಿಂದ "ಅಯ್ಯಪ್ಪಾ" ಎಂಬ ಉಸಿರೊಂದು ಬಂತು, ಪಕ್ಕದ ಬಿಲ್ಲಿನವನಿಗೂ ಕೇಳಿಸಿತು. ಆ ಪಕ್ಕದವನು, ಅವನಿಗೂ ಅರವತ್ತು ದಾಟಿತ್ತು, ಅತ್ತಿತ್ತ ನೋಡಿ, "ಒಲ್ವೆನ್," ಎಂದ ಮೆಲ್ಲಗೆ, "ಅಂಥದ್ದು ಎಲ್ಲಿ ಸಿಗತ್ತಮ್ಮ?"